ಸಂತ ಉರ್ಬಾನನ ಏಳು ಬಟ್ಟಲು

೧೨ ನವೆಂಬರ್ ೧೯೭೮

ಮಗಳೇ ಅಡೇಲ್,

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ನಿಮ್ಮಮ್ಮ ಹಿಂದೆ ನಿಂತು ಅಪ್ಪಣೆ ಮಾಡುತ್ತಿದ್ದಾಳೆ. ಬರೆದಾಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ಈ ಕಾಗದದ ಜೊತೆಗಿರುವ ಪೆಟ್ಟಿಗೆಯಲ್ಲಿ ವೈನಿನ ಮೂರು ಪುಟ್ಟ ಬಾಟಲಿಗಳಿವೆ. ಯಾವುದಕ್ಕೂ ಚೀಟಿ ಅಂಟಿಸಿಲ್ಲ. ಮರೆತಿದ್ದಲ್ಲ, ಬೇಕೆಂದೇ ಬಿಟ್ಟಿದ್ದು. ಒಂದೊಂದನ್ನೂ ಲೋಟಕ್ಕೆ ಬಗ್ಗಿಸಿ ಮೂಸಿ ನೋಡಿ, ಯಾವ ದ್ರಾಕ್ಷಿಯದು ಎಂದು ಬರೆದು ಕಳಿಸು. ಸ್ಟ್ರಾಸ್‌ಬುರ್ಗಿನ ಆ ದೊಡ್ಡ ಡಾಕ್ಟರು, "ತಲೆ ಹಿಂದೆ ಪೆಟ್ಟು ಬಿದ್ರೆ ಮೂಗಿನ ನರ ಹರಿದುಹೋಗುತ್ತೆ. ವಾಸನೆ ವಾಪಸ್ ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ" ಎಂದನಂತೆ. ಇಷ್ಟು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕಿತ್ತೇ? ಪಕ್ಕದ ಮನೆಯ ಸೆಪ್ಪಿಯೂ ಹೇಳುತ್ತಿದ್ದ, ಅದೂ ಪುಕ್ಕಟೆ. ಕಾಲು ಮುರಿದವನನ್ನು ದಿನಕ್ಕೆ ನಾಲ್ಕು ಹೆಜ್ಜೆಯಾದರೂ ನಡೆಸುತ್ತಾರೆ ತಾನೇ? ಮೂಗನ್ನೂ ಹಾಗೇ ನಡೆಸಬೇಕು. ಇದು ನನ್ನ ವೈದ್ಯ.

ಅಕ್ಟೋಬರಿನಲ್ಲಿ ನೀನು ಬಿದ್ದು, ಆಮೇಲೆ ಇರ್ಮಾ ಅತ್ತೆಯ ಮನೆಗೆ ಹೋದಾಗಿನಿಂದ ನಿಮ್ಮಮ್ಮ ನನ್ನ ಜೊತೆ ಅರ್ಧ ಮಾತು ಮಾತ್ರ ಆಡುತ್ತಾಳೆ. ವೈನ್ ಹುದುಗುವ ಕಾಲದಲ್ಲಿ ನೆಲಮಾಳಿಗೆಗೆ ಇಳಿಯುವವರು ಮೇಣದಬತ್ತಿ ಹಿಡಿದೇ ಇಳಿಯಬೇಕು, ಬತ್ತಿ ಆರಿದರೆ ಗಾಳಿ ಕೆಟ್ಟಿದೆ ಎಂದು ಮೇಲಕ್ಕೆ ಓಡಬೇಕು. ಇದು ಊರಿಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ಬತ್ತಿ ಹಿಡಿಯುವುದಿಲ್ಲ. ಮೇಣದ ಹೊಗೆ ಮೂಗನ್ನು ಕೆಡಿಸುತ್ತದೆ ಎಂದು ನಮ್ಮಜ್ಜ ನಿಲ್ಲಿಸಿದ, ಅದನ್ನೇ ದೊಡ್ಡಸ್ತಿಕೆ ಎಂದುಕೊಂಡು ಬಂದೆವು. ನೀನೂ ಬತ್ತಿಯಿಲ್ಲದೆ ಇಳಿದೆ. ರೀಸ್ಲಿಂಗ್ ವೈನ್ ಹೇಗೆ ಬರುತ್ತಿದೆ ನೋಡೋಣವೆಂದು ಪೀಪಾಯಿಯ ಮೇಲೆ ಬಗ್ಗಿದೆ, ತಲೆ ತಿರುಗಿ ಕಲ್ಲು ಮೆಟ್ಟಿಲ ಮೇಲೆ ಬಿದ್ದೆ. ಈಗ ಬಾಗಿಲ ಬಳಿ ಒಂದು ಡಬ್ಬ ಮೇಣದಬತ್ತಿ ತಂದಿಟ್ಟಿದ್ದೇನೆ. ಊರೆಲ್ಲ ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಮೇ ಇಪ್ಪತ್ತೈದಕ್ಕೆ ಸಂತ ಉರ್ಬಾನನ ಹಬ್ಬ. ಅಂದಿನ ಮೂಗಿನ ಪರೀಕ್ಷೆಗೆ ನಿನ್ನ ಹೆಸರು ಕೊಟ್ಟಾಗಿದೆ. ಸಣ್ಣ ತೂತಿನ ಮುಚ್ಚಳ ಹಾಕಿದ ಏಳು ಮಣ್ಣಿನ ಬಟ್ಟಲು, ತುಟಿ ತಾಕಿಸುವಂತಿಲ್ಲ, ಬರೀ ಮೂಗಿನಿಂದ ಏಳೂ ಜಾತಿ ಹೇಳಬೇಕು. ಹೇಳಿದವರಿಗೆ ಅವರವರ ಮನೆಯ ನೆಲಮಾಳಿಗೆಯ ಕೀಲಿ. ನನಗೆ ಜುಲೈನಲ್ಲಿ ಎಪ್ಪತ್ತು ತುಂಬುತ್ತದೆ. ಎಪ್ಪತ್ತರ ಮೇಲೆ ಯಾರೂ ಕೀಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಊರಿನ ಕಟ್ಟಳೆ. ವಾರಸುದಾರರು ಹಿಡಿಯದಿದ್ದರೆ ನಮ್ಮ ಹಣ್ಣು ಸಹಕಾರ ಸಂಘದ ತೊಟ್ಟಿಗೆ ಹೋಗಿ, ಎಲ್ಲರ ಹಣ್ಣಿನ ಜೊತೆ ಕಲಸಿಹೋಗುತ್ತದೆ. ಹಾಗಾಗಬಾರದು. ಇನ್ನೂ ಸಾಕಷ್ಟು ಕಾಲವಿದೆ, ಮೂಸುತ್ತಾ ಇರು.

ಇಂತು ನಿನ್ನ ಅಪ್ಪ,
ಥೀಬೋ


೨೬ ನವೆಂಬರ್ ೧೯೭೮

ಅಪ್ಪಾ,

ಪೆಟ್ಟಿಗೆ ಒಡೆಯದೆ ಬಂತು. ಮೂರನ್ನೂ ಮೂಸಿದೆ. ನೀರು, ನೀರು, ನೀರು. ಇದೇ ನನ್ನ ಉತ್ತರ.

ಮೊನ್ನೆ ಹಾಲು ಸೀದು ಪಾತ್ರೆ ಕರ್ರಗಾಗುವವರೆಗೂ ನಾನು ಪಕ್ಕದಲ್ಲೇ ನಿಂತು ಇಸ್ತ್ರಿ ಮಾಡುತ್ತಿದ್ದೆ. ಇರ್ಮಾ ಅತ್ತೆ ಕೆಳಗಿನ ಅಂಗಡಿಯಿಂದ ಓಡಿಬಂದು, "ಏನೇ ಇದು, ಮನೆ ಸುಟ್ಟುಹಾಕ್ತೀಯಾ?" ಎಂದವಳು ನನ್ನ ಮುಖ ನೋಡಿ ಸುಮ್ಮನಾದಳು. ಆ ಸುಮ್ಮನಾಗುವುದಿದೆಯಲ್ಲ, ಅದನ್ನು ತಡೆಯುವುದು ಬೈಗುಳ ತಡೆಯುವುದಕ್ಕಿಂತ ಕಷ್ಟ. ನೀನಾದರೆ ಇನ್ನೂ ನಾಲ್ಕು ಮಾತು ಬೈಯುತ್ತಿದ್ದೆ.

ರಾತ್ರಿ ಊಟಕ್ಕೆ ಮ್ಯೂನ್‌ಸ್ಟರ್ ಚೀಸು ಹಾಕಿದಳು. ಬಸ್ಸಿನಲ್ಲಿ ತಂದರೆ ಪಕ್ಕದವರು ಎದ್ದು ಹೋಗುವ ಚೀಸು. ನನಗೆ ಸಾಬೂನು ಅಗಿದಂತಾಯಿತು. ನನ್ನ ಮೈಯ ವಾಸನೆಯೂ ನನಗೆ ಗೊತ್ತಾಗುವುದಿಲ್ಲ, ಅದಕ್ಕೇ ಹೆದರಿ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತೇನೆ. ಹಗಲು ಅತ್ತೆಯ ಅಂಗಡಿಯಲ್ಲಿ ಗುಂಡಿ, ದಾರ ಮಾರುತ್ತೇನೆ. ಗುಂಡಿಗೆ ವಾಸನೆಯಿಲ್ಲ. ಅಷ್ಟರ ಮಟ್ಟಿಗೆ ನಾನೂ ಎಲ್ಲರಂತೆಯೇ.

ಬಾಟಲಿ ಕಳಿಸಬೇಡ. ಅಮ್ಮನಿಗೆ ಹೇಳು, ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.

ಅಡೇಲ್


೧೦ ಡಿಸೆಂಬರ್ ೧೯೭೮

ಮಗಳೇ,

ಬಾಟಲಿ ಕಳಿಸಬೇಡ ಎಂದಿದ್ದೀ. ಏಳು ಕಳಿಸಿದ್ದೇನೆ.

ನೀನು ಮರೆತಿರಬಹುದು ಎಂದು ಏಳೂ ದ್ರಾಕ್ಷಿಯ ವಾಸನೆಯನ್ನು ನೆನಪು ಮಾಡಿಕೊಡುತ್ತೇನೆ, ಮೂಗಿಗೆ ದಾರಿ ತೋರಿಸಿದ ಹಾಗಾಗುತ್ತದೆ. ಶಾಸ್ಲಾ ಬಡಪಾಯಿ, ಯಾರ ಜಗಳಕ್ಕೂ ಹೋಗದ್ದು, ಮೂಸಿದರೆ ತೊಳೆದ ಹೆಂಚು. ಸಿಲ್ವಾನರ್ ಆಗತಾನೇ ಕೊಯ್ದ ಹುಲ್ಲು, ದುಡಿದು ಬಂದವರು ಊಟಕ್ಕೆ ಕುಡಿಯುವುದು. ಕ್ಲೆವ್ನರ್ ಸೇಬಿನ ಸಿಪ್ಪೆ. ಬೇರೆಯವರ ಮನೆಯ ಒಳ್ಳೇ ಸೊಸೆಯ ಹಾಗೆ, ದೂರುವುದಕ್ಕೂ ಏನಿಲ್ಲ, ಹೊಗಳುವುದಕ್ಕೂ ಏನಿಲ್ಲ. ಮಸ್ಕಾ ಒಂದೇ ವೈನಾದ ಮೇಲೂ ಹಣ್ಣಿನ ವಾಸನೆ ಬಿಟ್ಟುಕೊಡದ ಹಟಮಾರಿ, ನಿನ್ನ ಹಾಗೆ. ತೋಕೇ ಎಂದರೆ ಜೇನು, ಹಿಂದೆಯೇ ಸ್ವಲ್ಪ ಹೊಗೆ. ರೀಸ್ಲಿಂಗ್ ನಿಂಬೆಯ ಸಿಪ್ಪೆಯನ್ನು ಉಗುರಿನಲ್ಲಿ ಗೀರಿದಾಗ ಚಿಮ್ಮುತ್ತದಲ್ಲ, ಅದು. ಟ್ರಾಮಿನರ್ ಮಳೆ ನಿಂತ ಮೇಲೆ ಕಿತ್ತ ಗುಲಾಬಿ.

ನಿನ್ನೆ ಇದೇ ವಿಷಯಕ್ಕೆ ಸೆಪ್ಪಿಗೂ ನನಗೂ ಜಗಳವಾಯಿತು. "ಟ್ರಾಮಿನರ್ ಅಂದ್ರೆ ಅತ್ತರು ಸುರ್ಕೊಂಡು ಮದುವೆಗೆ ಬಂದ ಚಿಕ್ಕಮ್ಮ. ರಾಜ ಏನಿದ್ರೂ ರೀಸ್ಲಿಂಗೇ" ಎಂದ. "ನಿನ್ನ ರಾಜನ್ನ ಕುಡಿದ್ರೆ ಹಲ್ಲು ಜುಮ್ಮನ್ನುತ್ತೆ ಕಣೋ" ಎಂದೆ. ನೀನಿದ್ದರೆ ತೀರ್ಪು ಕೊಡುತ್ತಿದ್ದೆ. ನಿಮ್ಮಮ್ಮ ಕೊಟ್ಟ ತೀರ್ಪು ಏನೆಂದರೆ ಇಬ್ಬರೂ ಕಾಲೊರೆಸಿಕೊಂಡು ಒಳಗೆ ಬನ್ನಿ ಎಂದು.

ಬಿಸ್ಕತ್ತಿನ ಡಬ್ಬ ಅವಳದು. ಈ ಸಲ ದಾಲ್ಚಿನ್ನಿ ಜಾಸ್ತಿ ಹಾಕಿದ್ದಾಳೆ, ಏಕೆಂದು ಹೇಳಲಿಲ್ಲ.

ನಿನ್ನ ಅಪ್ಪ


೨೮ ಜನವರಿ ೧೯೭೯

ಅಪ್ಪಾ,

ಕೂತುಕೊಂಡು ಓದು.

ಒಂದನೇ ಬಾಟಲಿ ಸಿಲ್ವಾನರ್, ಆಗತಾನೇ ಕೊಯ್ದ ಹುಲ್ಲು. ಎರಡನೆಯದು ಟ್ರಾಮಿನರ್, ಮಳೆ ನಿಂತ ಮೇಲೆ ಕಿತ್ತ ಗುಲಾಬಿ. ನಾಲ್ಕನೆಯದು ರೀಸ್ಲಿಂಗ್, ನಿಂಬೆ. ಐದು ತೋಕೇ, ಜೇನು ಮತ್ತು ಹೊಗೆ. ಏಳು ಮಸ್ಕಾ. ಉಳಿದೆರಡರಲ್ಲಿ ಶಾಸ್ಲಾ ಯಾವುದು, ಕ್ಲೆವ್ನರ್ ಯಾವುದು ಎಂದು ಮಾತ್ರ ಅನುಮಾನ.

ಸರಿಯಾಗಿದೆಯೇ? ಇಲ್ಲಿ ಚಳಿ ವಿಪರೀತ. ಅಮ್ಮನ ಬಿಸ್ಕತ್ತು ಬಹಳ ಚೆನ್ನಾಗಿತ್ತು ಎಂದು ಹೇಳು.

ಅಡೇಲ್


೨ ಫೆಬ್ರವರಿ ೧೯೭೯

ನನ್ನ ಬಂಗಾರದ ಮೂಗೇ,

ಐದಕ್ಕೆ ಐದೂ ಸರಿ! ಶಾಸ್ಲಾ, ಕ್ಲೆವ್ನರ್ ಬಿಡು, ಅವು ಅವಳಿಗಳು, ಹೆತ್ತವರಿಗೇ ಗೊಂದಲ. ಕಾಗದ ಹಿಡಿದುಕೊಂಡು ಅಂಗಿಯ ಗುಂಡಿ ಹಾಕಿಕೊಳ್ಳದೆ ಬೀದಿಗೆ ಓಡಿದೆ. ಸೆಪ್ಪಿ ಏಣಿ ಇಳಿದು ಬಂದು ತಬ್ಬಿಕೊಂಡ. ನಿಮ್ಮಮ್ಮ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ನನ್ನ ಜೊತೆ ಪೂರ್ತಿ ಮಾತಾಡಿದಳು. ಮೂರು ತಿಂಗಳಲ್ಲಿ ಮೊದಲ ಸಲ.

ದ್ರಾಕ್ಷಿ ಬೆಳೆಗಾರರ ಹಿರಿಯ ಲೋರೆಂಜ್ ಇದ್ದಾನಲ್ಲ, ನಿನ್ನ ಹೆಸರು ತೆಗೆದುಹಾಕೋಣ ಎನ್ನುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಈಗ ಅವನ ಬಾಯಿ ಮುಚ್ಚಿತು. ಊರಿಗೆಲ್ಲ ಹೇಳಿಬಿಟ್ಟಿದ್ದೇನೆ. ಹಬ್ಬಕ್ಕೆ ನಿನಗೆ ಹೊಸ ಜಾಕೆಟ್ಟು ಹೊಲಿಸಬೇಕೆಂದು ನಿಮ್ಮಮ್ಮ ಅಳತೆ ಕೇಳುತ್ತಿದ್ದಾಳೆ.

ಅಪ್ಪ


೧೧ ಮಾರ್ಚ್ ೧೯೭೯

ಅಣ್ಣಾ,

ನಾನು ಕಾಗದ ಬರೆಯುವವಳಲ್ಲ, ನಿನಗೇ ಗೊತ್ತು. ಅಡೇಲ್ ಅಂಗಡಿಯಲ್ಲಿದ್ದಾಳೆ, ಅವಳು ಮೇಲೆ ಬರುವುದರೊಳಗೆ ಮುಗಿಸಬೇಕು.

ಮೊನ್ನೆ ನೀನು ಕಳಿಸಿದ ಬಾಟಲಿ ಕೆಟ್ಟುಹೋಗಿತ್ತು. ಬಿರಡೆಯ ರೋಗ ಹಿಡಿದದ್ದು, ಕಾರ್ಕಿನ ಬೂಷ್ಟು ವೈನಿಗೆ ಇಳಿದದ್ದು. ಬಗ್ಗಿಸಿದ ಕೂಡಲೇ ಕೋಣೆಯೆಲ್ಲ ಒದ್ದೆ ಗೋಣಿಚೀಲ ಕೊಳೆತ ನಾತ. ನಾನು ಬಾಗಿಲಲ್ಲಿ ನಿಂತಿದ್ದವಳು ಮೂಗು ಮುಚ್ಚಿಕೊಂಡೆ. ಇವಳು ಲೋಟವನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಆಹಾ, ರೀಸ್ಲಿಂಗು. ನಿಂಬೆ ಎಷ್ಟು ಚೆನ್ನಾಗಿದೆ ಅತ್ತೆ" ಎಂದು ನನಗೇ ಕೊಡಲು ಬಂದಳು. ನಾನು ಹೌದಮ್ಮಾ ಎಂದೆ. ಹೊರಗೆ ಹಿಮ ಬೀಳುತ್ತಿತ್ತು, ಆದರೂ ಹೋಗಿ ಕಿಟಕಿ ತೆಗೆದೆ.

ಇಷ್ಟು ದಿನ ಹೇಗೆ ಹೇಳುತ್ತಿದ್ದಳು ಎಂದು ಈಗ ಅರ್ಥವಾಯಿತು. ಲೋಟಗಳನ್ನು ಕಿಟಕಿಯ ಬೆಳಕಿಗೆ ಇಟ್ಟು ಬಣ್ಣ ನೋಡುತ್ತಾಳೆ. ಆಮೇಲೆ ಒಂದು ಗುಟುಕು ಬಾಯಲ್ಲಿ ಹಿಡಿದು ಬಹಳ ಹೊತ್ತು ಕೂರುತ್ತಾಳೆ. ಹುಳಿ ಎಷ್ಟು, ಸಿಹಿ ಎಷ್ಟು, ಕಹಿ ಎಲ್ಲಿ ಬರುತ್ತದೆ, ನಾಲಿಗೆಗೆ ಎಷ್ಟು ಭಾರ ಎಂದು ಲೆಕ್ಕ ಹಾಕುತ್ತಾಳೆ. ಮಗು ಅಷ್ಟೊಂದು ಕಷ್ಟಪಡುವುದನ್ನು ನೋಡಲಾಗುವುದಿಲ್ಲ ಅಣ್ಣಾ. ಮೂಗಿಗೆ ಏನೂ ಬಂದಿಲ್ಲ.

ಕೆಟ್ಟ ಬಾಟಲಿ ಅದು ಹೇಗೆ ನಿನ್ನ ಕೈಯಿಂದ ಬಂತು? ನಿನ್ನ ಮೂಗಿಗೇನಾಯಿತು?

ಇರ್ಮಾ


೧೫ ಮಾರ್ಚ್ ೧೯೭೯

ಇರ್ಮಾ,

ನನ್ನ ಮೂಗು ಚೆನ್ನಾಗಿಯೇ ಇದೆ. ಹಾಳಾದ್ದು.

ಬೇಕೆಂದೇ ಕಳಿಸಿದೆ. ಜನವರಿಯ ಅವಳ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ದಿನಾ ಓದುತ್ತಿದ್ದೆ. ಒಂದು ದಿನ ಬಳ್ಳಿ ಕತ್ತರಿಸುತ್ತಾ ಇದ್ದಾಗ ಹೊಳೆಯಿತು. ಮಳೆ ನಿಂತ ಮೇಲೆ ಕಿತ್ತ ಗುಲಾಬಿ, ಆಗತಾನೇ ಕೊಯ್ದ ಹುಲ್ಲು, ಎಲ್ಲ ನಾನು ಬರೆದ ಮಾತೇ. ಒಂದಾದರೂ ಅವಳದಲ್ಲ. ಅವಳು ಚಿಕ್ಕವಳಿದ್ದಾಗ ನಾನು ಗುಲಾಬಿ ಎಂದರೆ ಅವಳು "ಅಲ್ಲಪ್ಪಾ, ಅಜ್ಜಿ ಕೈಗೆ ಹಚ್ಕೊಳೋ ಕ್ರೀಮು" ಎನ್ನುತ್ತಿದ್ದಳು. ಯಾವತ್ತಾದರೂ ನನ್ನ ಮಾತನ್ನು ಹಾಗೇ ಒಪ್ಪಿದವಳೇ ಅವಳು?

ಬಿರಡೆಯ ರೋಗ ನಾಲಿಗೆಗೆ ಗೊತ್ತಾಗುವುದಿಲ್ಲ, ಮೂಗಿಗೆ ಮಾತ್ರ. "ಅಪ್ಪಾ, ಇದೇನು ಹೊಲಸು ಕಳಿಸಿದ್ದೀ" ಎಂದು ಬೈದು ಬರೆಯಲಿ ಎಂದು ಆ ಬಾಟಲಿ ಕಟ್ಟಿದೆ. ಅಂಚೆಯವನು ಬಂದಾಗಲೆಲ್ಲ ಬೈಗುಳಕ್ಕೆ ಕಾದೆ. ನಿಂಬೆ ಬಹಳ ಚೆನ್ನಾಗಿದೆ ಎಂದು ಅವಳ ಕಾಗದ ಬಂತು.

ನಾನು ಊರಿಗೆಲ್ಲ ಹೇಳಿಬಿಟ್ಟಿದ್ದೇನೆ. ನಿನ್ನ ಅತ್ತಿಗೆ ಜಾಕೆಟ್ಟಿಗೆ ಬಟ್ಟೆ ಕತ್ತರಿಸಿದ್ದಾಳೆ, ಹೊಲಿಗೆಯಂತ್ರದ ಮುಂದೆ ಕೂತು ಹಾಡಿಕೊಳ್ಳುತ್ತಾಳೆ. ಹಬ್ಬದಲ್ಲಿ ಬಟ್ಟಲಿಗೆ ಮುಚ್ಚಳ ಇರುತ್ತದೆ, ಬಣ್ಣ ಕಾಣುವುದಿಲ್ಲ. ತುಟಿ ತಾಕಿಸುವಂತಿಲ್ಲ. ಲೋರೆಂಜನ ಮನೆಗೆ ಹೋಗಿ, "ಒಂದು ಗುಟುಕು ಕುಡಿದು ಹೇಳೋದಕ್ಕೆ ಬಿಡಿ" ಎಂದು ಕೇಳಿದೆ. "ಬಂಗಾರದ ಮೂಗು ಅಂತ ನೀನೇ ಹೇಳ್ದೆಯಲ್ಲಯ್ಯ, ಈಗ ಬಾಯಿ ಯಾಕೆ ಬೇಕು?" ಎಂದು ನಕ್ಕ. ಎದ್ದು ಬಂದೆ. ಏನು ಮಾಡಬೇಕೋ ತಿಳಿಯದು. ಅವಳಿಗೆ ಏನೂ ಹೇಳಬೇಡ.

ಥೀಬೋ


೧೬ ಏಪ್ರಿಲ್ ೧೯೭೯

ಮಗಳೇ,

ಈಸ್ಟರಿಗೆ ಬರುತ್ತೀಯೆಂದು ನಿಮ್ಮಮ್ಮ ಕೂಗೆಲ್‌ಹೋಪ್ ಕೇಕು ಬೇಯಿಸಿದ್ದಳು. ನೀನು ಬರಲಿಲ್ಲ. ಬಾದಾಮಿಯನ್ನೆಲ್ಲ ಸೆಪ್ಪಿ ಕಿತ್ತು ತಿಂದ. ಚರ್ಚಿನ ಮೇಲಿನ ಗೂಡಿಗೆ ಕೊಕ್ಕರೆಗಳು ಬಂದಿವೆ.

ಮಾರ್ಚಿನ ಬಾಟಲಿ ನೀನು ಹೇಳಿದ್ದೇ ಸರಿ, ರೀಸ್ಲಿಂಗ್. ಒಳ್ಳೆಯ ನಿಂಬೆ.

ಇನ್ನೊಂದು ಮಾತು, ಸುಮ್ಮನೆ ಹೇಳುತ್ತಿದ್ದೇನೆ. ಈ ವರ್ಷ ಬಟ್ಟಲು ಜೋಡಿಸುವ ಸರದಿ ಸೆಪ್ಪಿಯದು. ಅವನಿಗೆ ಯಾವುದನ್ನು ಎಲ್ಲಿಡಬೇಕೋ ತೋಚುವುದೇ ಇಲ್ಲ. ನಮ್ಮ ಗುಡ್ಡದಲ್ಲಿ ಏಳು ಜಾತಿಯ ದ್ರಾಕ್ಷಿ ಸಾಲುಗಳಿವೆಯಲ್ಲ, ಕೆಳಗೆ ರಸ್ತೆಯಿಂದ ಮೇಲಿನ ಶಿಲುಬೆಯವರೆಗೆ, ಅದೇ ಕ್ರಮದಲ್ಲಿ ಎಡದಿಂದ ಬಲಕ್ಕೆ ಇಡುತ್ತೇನೆ ಎನ್ನುತ್ತಿದ್ದ. ಮುದುಕರ ಅಭ್ಯಾಸಗಳು. ನಿನಗೆ ಆ ಸಾಲುಗಳು ಕಣ್ಣು ಮುಚ್ಚಿದರೂ ಗೊತ್ತು.

ಜಾಕೆಟ್ಟು ಹೊಲಿದಾಯಿತು. ಕಡುಹಸಿರು. ತೋಳು ಸ್ವಲ್ಪ ಉದ್ದವಾಗಿದೆಯಂತೆ, ನೀನು ಬಂದ ಮೇಲೆ ಮಡಿಸುತ್ತಾಳಂತೆ.

ಅಪ್ಪ


೧೯ ಮೇ ೧೯೭೯

ಅಪ್ಪಾ,

ಮಾರ್ಚ್ ತಿಂಗಳ ಹಿಮದಲ್ಲಿ ಇರ್ಮಾ ಅತ್ತೆ ಕಿಟಕಿ ತೆಗೆದಳು. ಕಲ್ಲಿದ್ದಲು ಉಳಿಯಲಿ ಎಂದು ಮನೆಯೊಳಗೂ ಕೋಟು ಹಾಕಿಕೊಳ್ಳುವವಳು ಅವಳು. ಲೋಟದಲ್ಲಿ ಏನಿತ್ತೋ ನನಗೆ ಆಗಲೇ ಗೊತ್ತಾಯಿತು. ನೀನು ಕೆಟ್ಟ ವೈನನ್ನು ತಿಳಿಯದೆ ಬಾಟಲಿಗೆ ತುಂಬುವವನಲ್ಲ ಎಂಬುದೂ ಗೊತ್ತು. ಅಷ್ಟಾದರೂ ನಿಂಬೆ ಎಂದೇ ಬರೆದೆ. ನೀನು ಸರಿ ಎಂದು ಉತ್ತರ ಬರೆದೆ. ಇಬ್ಬರಿಗೂ ನಾಚಿಕೆಯಾಗಬೇಕು.

ಮೊದಲ ಸಲ ಯಾಕೆ ಸುಳ್ಳು ಬರೆದೆ ಎಂದು ಕೇಳಬೇಡ. ಬಿಸ್ಕತ್ತಿನ ಡಬ್ಬ ತೆಗೆದೆ. ಅಷ್ಟು ದಾಲ್ಚಿನ್ನಿ. ನನಗೆ ತಾಕಲಿ ಎಂದು ಅಮ್ಮ ಒಂದು ಡಬ್ಬ ಪೂರ್ತಿ ಸುರಿದಿದ್ದಾಳೆ, ನಾಲಿಗೆ ಉರಿಯಿತು, ಅಷ್ಟೇ. ಆಮೇಲೆ ನೀರು ಎಂದು ಬರೆಯಲು ಕೈ ಬರಲಿಲ್ಲ.

ಹಬ್ಬಕ್ಕೆ ನಾನು ಬರುವುದಿಲ್ಲ. ಗುಡ್ಡದ ಸಾಲುಗಳು ನನಗೆ ಗೊತ್ತು, ಏಳನ್ನೂ ಪಟಪಟ ಹೇಳಿಬಿಡಬಹುದು, ನೀನು ಕೀಲಿ ಕೊಡಬಹುದು. ಆಮೇಲೆ ಅಕ್ಟೋಬರ್ ಬರುತ್ತದೆ. ಒಂದು ಪೀಪಾಯಿ ಹುಳಿತು ಹೋಗುತ್ತಿದ್ದರೆ ನಾನು ಅದರ ಪಕ್ಕದಲ್ಲಿ ನಿಂತು ಇಸ್ತ್ರಿ ಮಾಡುತ್ತಿರುತ್ತೇನೆ. ನೀನು ನನಗೆ ಕಲಿಸಿದ್ದು ಅದಲ್ಲ.

ಒಂದೇ ಒಂದು ಕೇಳುತ್ತೇನೆ. ಇತ್ತೀಚೆಗೆ ನನಗೆ ಮರೆಯುತ್ತಿದೆ. ಮೊದಲು ಕಣ್ಣು ಮುಚ್ಚಿದರೆ ನೆನಪಾದರೂ ಬರುತ್ತಿತ್ತು. ಹುಲ್ಲಿನದು ಹೋಯಿತು, ನಮ್ಮ ನೆಲಮಾಳಿಗೆಯದು ಹೋಯಿತು. ಈ ವಾರ ಗುಲಾಬಿ ಹೇಗಿತ್ತು ಎಂದು ಎಷ್ಟು ತಿಣುಕಿದರೂ ಬರಲಿಲ್ಲ. ಒಂದು ಬಾಟಲಿ ಟ್ರಾಮಿನರ್ ಕಳಿಸು. ಈ ಸಲ ಚೀಟಿ ಅಂಟಿಸು. ಪಕ್ಕದಲ್ಲಿ ಅದರ ವಾಸನೆ ಹೇಗಿದೆ ಎಂದು ಬರೆ. ಸುಮ್ಮನೆ ಗುಲಾಬಿ ಎಂದು ಬರೆಯಬೇಡ.

ಅಡೇಲ್


೨೭ ಮೇ ೧೯೭೯

ಮಗಳೇ,

ನಿನ್ನ ಕಾಗದ ಹಬ್ಬದ ಹಿಂದಿನ ದಿನ ಬಂತು. ನಿಮ್ಮಮ್ಮನಿಗೆ ಓದಿ ಹೇಳಿದೆ. ಅವಳು ಜಾಕೆಟ್ಟನ್ನು ಮಡಿಸಿ ಬೀರುವಿನಲ್ಲಿಟ್ಟಳು.

ಹಬ್ಬದ ದಿನ ಬೆಳಿಗ್ಗೆ ಸಂತನ ಮೂರ್ತಿಯನ್ನು ಹೊತ್ತು ತಂದು ಚೌಕದಲ್ಲಿ ಇಳಿಸಿದರು. ಏಳು ಬಟ್ಟಲು, ಏಳು ಮುಚ್ಚಳ. ಲೋರೆಂಜ್ ನಿನ್ನ ಹೆಸರನ್ನು ಮೂರು ಸಲ ಕೂಗಿದ. ಮೂರನೆಯ ಸಲಕ್ಕೆ ನಾನು ಎದ್ದು ಹೋದೆ. ಹತ್ತಿಯನ್ನು ಮೇಣದಲ್ಲಿ ಅದ್ದಿ ಉಂಡೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದೆ, ಆ ಡಬ್ಬದ ಮೇಣದಬತ್ತಿ ಇದಕ್ಕಾದರೂ ಬಂತು. ಎರಡೂ ಹೊಳ್ಳೆಗೆ ತುರುಕಿಕೊಂಡೆ. ಮುಚ್ಚಳ ತೆಗೆಯದೆ ಅದರ ತೂತಿನಿಂದಲೇ ಗುಟುಕು ಗುಟುಕಾಗಿ ಏಳನ್ನೂ ಕುಡಿದೆ. ಲೋರೆಂಜ್ "ಏಯ್, ತುಟಿ ತಾಕಿಸ್ಬಾರದು" ಎಂದು ಕಿರುಚಿದ. "ಮುಚ್ಕೊಂಡು ಕೂತ್ಕೋ, ಇದು ನನ್ನ ಪರೀಕ್ಷೆ" ಎಂದೆ.

ಸಾಲಿನ ಕ್ರಮ ಬೇಡ, ಕಲಸಿಬಿಡು ಎಂದು ಸೆಪ್ಪಿಗೆ ಮೊದಲೇ ಹೇಳಿದ್ದೆ. ಒಂದೊಂದಾಗಿ ಹೇಳುತ್ತಾ ಬಂದೆ. ಮೊದಲು ಜನ ನಗುತ್ತಿದ್ದರು. ನಾನು ಟ್ರಾಮಿನರನ್ನು ಸಿಲ್ವಾನರ್ ಎಂದಾಗ ನಗು ನಿಂತಿತು. ಐವತ್ತು ವರ್ಷ ಈ ಊರಿಗೆ ದ್ರಾಕ್ಷಿಯ ಜಾತಿ ಹೇಳಿಕೊಟ್ಟವನು, ಏಳರಲ್ಲಿ ರೀಸ್ಲಿಂಗ್ ಒಂದನ್ನೇ ಸರಿಯಾಗಿ ಹೇಳಿದ್ದು, ಅದೂ ಹಲ್ಲು ಜುಮ್ಮೆಂದಿದ್ದಕ್ಕೆ. "ನನ್ನ ಮಗಳು ಇದೇ ಥರ ಇದ್ಕೊಂಡು ಐದು ಹೇಳಿದ್ಳು" ಎಂದೆ. ಮೂಗು ಕಟ್ಟಿತ್ತು, ಮಾತು ಸರಿಯಾಗಿ ಹೊರಡಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ.

ಅದರಿಂದ ಏನೂ ಆಗಲಿಲ್ಲ. ಲೋರೆಂಜ್ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಥೀಬೋ, ನಂಗೂ ಸಂಕಟ ಆಗುತ್ತೆ ಕಣಯ್ಯ. ಆದ್ರೆ ಕಟ್ಟಳೆ ನಾನು ಮಾಡಿದ್ದಲ್ಲ" ಎಂದ. ಅವನ ತಪ್ಪೂ ಅಲ್ಲ. ಯಾರ ತಪ್ಪು ಎಂದು ಹುಡುಕಿದರೆ ನಮ್ಮಜ್ಜನ ಗೋರಿಗೆ ಹೋಗಿ ನಿಲ್ಲಬೇಕು. ಜುಲೈವರೆಗೆ ಕಾಯುವುದು ಬೇಡವೆಂದು ಸೊಂಟದಿಂದ ಕೀಲಿ ಬಿಚ್ಚಿ ಸಂತನ ಕಾಲ ಬಳಿಯ ಮೊಳೆಗೆ ತೂಗುಹಾಕಿದೆ. ಮನೆಗೆ ಬರುವಾಗ ಸೊಂಟ ಹಗುರವಾಗಿ ನಡಿಗೆಯೇ ಕೆಟ್ಟುಹೋಯಿತು. ಸೆಪ್ಪಿ ಕೈ ಹಿಡಿದುಕೊಂಡ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಪೆಟ್ಟಿಗೆಯಲ್ಲಿ ಒಂದೇ ಬಾಟಲಿ ಇದೆ. ಟ್ರಾಮಿನರ್ ಎಂದು ಚೀಟಿ ಅಂಟಿಸಿದ್ದೇನೆ. ಬೆಳಿಗ್ಗೆಯಿಂದ ಒಂದು ಲೋಟ ಎದುರಿಗೆ ಇಟ್ಟುಕೊಂಡು ಕೂತಿದ್ದೇನೆ. ಗುಲಾಬಿ ಎಂದು ಬರೆಯಬಾರದು ಎಂದಿದ್ದೀ, ಸರಿ. ಸಿಹಿ ಎಂದು ಬರೆದೆ, ಹೊಡೆದುಹಾಕಿದೆ, ಸಿಹಿ ನಾಲಿಗೆಯದು. ಅಜ್ಜಿ ಕೈಗೆ ಹಚ್ಚಿಕೊಳ್ಳುವ ಕ್ರೀಮು ಎಂದು ಬರೆದೆ. ಅದರ ವಾಸನೆ ಹೇಗಿತ್ತು ಎಂದು ನೀನು ಕೇಳಿದರೆ ಮತ್ತೆ ಗುಲಾಬಿ ಎನ್ನಬೇಕಾಗುತ್ತದೆ. ಅದನ್ನೂ ಹೊಡೆದುಹಾಕಿದೆ. ನಿಮ್ಮಮ್ಮನನ್ನು ಕರೆದು ಕೇಳಿದೆ. ಅವಳು ಲೋಟ ಮೂಸಿ, "ಗುಲಾಬಿ ಅಂದ್ರೆ ಗುಲಾಬಿ ಥರ ಇರುತ್ತೆ ಕಣ್ರೀ, ಇನ್ನು ಹೇಗೆ ಹೇಳೋದು?" ಎಂದು ಅಡುಗೆಮನೆಗೆ ಹೋದಳು. ಹೋದವಳು ಈಚೆಗೆ ಬರಲಿಲ್ಲ.

ನನ್ನ ಹತ್ತಿರ ಮೂಗಿದೆ, ಎದುರಿಗೆ ಲೋಟವಿದೆ, ವಾಸನೆ ಕೋಣೆಯೆಲ್ಲ ತುಂಬಿದೆ. ಅದರಲ್ಲಿ ಒಂದು ಚೂರನ್ನೂ ಕಾಗದದ ಮೇಲೆ ಇಟ್ಟು ನಿನಗೆ ಕಳಿಸಲು ಆಗುತ್ತಿಲ್ಲ ಮಗಳೇ. ಸಾಯಂಕಾಲದ ಅಂಚೆಯವನು ಬಂದು ಬಾಗಿಲಲ್ಲಿ ನಿಂತಿದ್ದಾನೆ. ಚೀಟಿಯ ಪಕ್ಕದಲ್ಲಿ ಜಾಗ ಹಾಗೆಯೇ ಬಿಟ್ಟಿದ್ದೇನೆ.

ನಿನ್ನ ಅಪ್ಪ